ಹಳೇ ಆಟೋಮ್ಯಾಟಿಕ್ ಕಾರನ್ನು ಎಲೆಕ್ಟ್ರಿಕ್ ಮಾಡಿಸಬಹುದಾ? ಕೊಡಗಿನ ಘಟ್ಟದಲ್ಲಿ ನಿಂತು ಹಾಕಿದ ಲೆಕ್ಕ

ನಮ್ಮಪ್ಪನ ಕಾರು 2011ರದ್ದು. ಸಣ್ಣ ಪೆಟ್ರೋಲ್ ಕಾರು, ನಾಲ್ಕು ಗೇರಿನ ಆಟೋಮ್ಯಾಟಿಕ್. ಆಗ ಊರಲ್ಲಿ ಎಲ್ಲರೂ ನಕ್ಕಿದ್ದರು. ಘಟ್ಟದ ರಸ್ತೆಗೆ ಯಾರಾದರೂ ಆಟೋಮ್ಯಾಟಿಕ್ ತಗೊಳ್ತಾರಾ ಅಂತ. ಅಪ್ಪನಿಗೆ ಬೇರೆ ದಾರಿ ಇರಲಿಲ್ಲ. ಎಡಗಾಲಿನ ಮಂಡಿ ಆಪರೇಷನ್ ಆಗಿತ್ತು, ಕ್ಲಚ್ ತುಳಿಯೋಕೆ ಆಗ್ತಿರಲಿಲ್ಲ. ಮಡಿಕೇರಿಗೆ, ಬ್ಯಾಂಕಿಗೆ, ಸಂತೆಗೆ ಯಾರನ್ನೂ ಕಾಯದೆ ಹೋಗಿಬರೋಕೆ ಸಾಧ್ಯವಾಗಿದ್ದು ಆ ಕಾರಿನಿಂದ.

ಕಳೆದ ಮಳೆಗಾಲದಲ್ಲಿ ಏರಿನಲ್ಲಿ ಗೇರ್‌ಬಾಕ್ಸ್ ಜಾರತೊಡಗಿತು. ಎಂಜಿನ್ ಕೂಗುತ್ತೆ, ಕಾರು ಮುಂದೆ ಹೋಗಲ್ಲ. ಬಿಚ್ಚಿ ಸರಿ ಮಾಡಿಸಿದರೆ ಲಕ್ಷದ ಹತ್ತಿರ ಆಗುತ್ತೆ ಅಂದರು ಮೆಕ್ಯಾನಿಕ್. ಅದೇ ವಾರ ಅಪ್ಪ ವಾಟ್ಸಾಪ್‌ನಲ್ಲಿ ಬಂದ ವಿಡಿಯೋ ತೋರಿಸಿದರು. ಯಾರೋ ಹಳೇ ಕಾರಿನ ಎಂಜಿನ್ ಕಿತ್ತು ಮೋಟರ್ ಕೂರಿಸಿದ್ದಾರೆ. "ನಮ್ಮದನ್ನೂ ಹೀಗೆ ಮಾಡಿಸಬಹುದಲ್ವಾ ಮಗಳೇ? ಪೆಟ್ರೋಲೂ ಉಳಿಯುತ್ತೆ, ಗೇರ್‌ಬಾಕ್ಸ್ ತಲೆನೋವೂ ಹೋಗುತ್ತೆ."

ಆ ಪ್ರಶ್ನೆಗೆ ಉತ್ತರ ಹುಡುಕೋಕೆ ನನಗೆ ಮೂರು ತಿಂಗಳು ಬೇಕಾಯ್ತು. ಗ್ಯಾರೇಜುಗಳಿಗೆ ಹೋದೆ, ಕಾನೂನು ಓದಿದೆ, ಕ್ಯಾಲ್ಕುಲೇಟರ್ ಹಿಡಿದು ಕೂತೆ. ನಿಮ್ಮ ಮನೆಯಲ್ಲೂ ಇಂಥದ್ದೇ ಕಾರು, ಇಂಥದ್ದೇ ಪ್ರಶ್ನೆ ಇದ್ದರೆ ಉಪಯೋಗಕ್ಕೆ ಬರಲಿ ಅಂತ ತಿಳಿದುಕೊಂಡದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಏನೇನು ಬದಲಾಗುತ್ತೆ?

ಇದಕ್ಕೆ ರೆಟ್ರೋಫಿಟ್ ಅನ್ನುತ್ತಾರೆ. ಎಂಜಿನ್, ಪೆಟ್ರೋಲ್ ಟ್ಯಾಂಕ್, ಸೈಲೆನ್ಸರ್, ರೇಡಿಯೇಟರ್ ಹೊರಗೆ ಹೋಗುತ್ತವೆ. ಮೋಟರ್, ಅದನ್ನು ನಡೆಸುವ ಕಂಟ್ರೋಲರ್, ಲಿಥಿಯಂ ಬ್ಯಾಟರಿ, ಬ್ಯಾಟರಿಯ ಪ್ರತಿ ಸೆಲ್ಲನ್ನು ಕಾಯುವ ಬಿ.ಎಂ.ಎಸ್., ಚಾರ್ಜರ್ ಒಳಗೆ ಬರುತ್ತವೆ. ಕೆಲಸ ಅಲ್ಲಿಗೆ ಮುಗಿಯಲ್ಲ. ಬ್ರೇಕ್ ಹಗುರವಾಗಿ ಹಿಡಿಯೋಕೆ ಬೇಕಾದ ವ್ಯಾಕ್ಯೂಮ್ ಬರುತ್ತಿದ್ದುದು ಎಂಜಿನ್‌ನಿಂದ. ಹಾಗಾಗಿ ಕರೆಂಟಿನ ವ್ಯಾಕ್ಯೂಮ್ ಪಂಪ್ ಬೇಕು. ಎ.ಸಿ. ಕಂಪ್ರೆಸರ್ ತಿರುಗಿಸುತ್ತಿದ್ದುದೂ ಎಂಜಿನ್ನೇ, ಅದಕ್ಕೂ ಬೇರೆ ವ್ಯವಸ್ಥೆ. ಲೈಟು, ಹಾರ್ನು, ವೈಪರ್‌ಗೆ 12 ವೋಲ್ಟ್ ಕೊಡೋಕೆ ಆಲ್ಟರ್ನೇಟರ್ ಬದಲು ಕನ್ವರ್ಟರ್.

ಮ್ಯಾನುಯಲ್ ಕಾರಾದರೆ ಇಷ್ಟೇ. ಮೋಟರನ್ನು ಒಂದು ಅಡಾಪ್ಟರ್ ಪ್ಲೇಟ್ ಹಾಕಿ ಹಳೇ ಗೇರ್‌ಬಾಕ್ಸಿಗೇ ಜೋಡಿಸಿ, ಎರಡನೇ ಅಥವಾ ಮೂರನೇ ಗೇರಿನಲ್ಲೇ ಬಿಟ್ಟು ಓಡಿಸಬಹುದು. ಆಟೋಮ್ಯಾಟಿಕ್‌ನಲ್ಲಿ ಕಥೆ ಬೇರೆ.

ಆಟೋಮ್ಯಾಟಿಕ್ ಯಾಕೆ ಕಷ್ಟ?

ಹಳೇ ಮಾದರಿಯ ಆಟೋಮ್ಯಾಟಿಕ್‌ನಲ್ಲಿ ಕ್ಲಚ್ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಇರುತ್ತೆ. ಒಳಗೆ ಎಣ್ಣೆ ತುಂಬಿದ ಡಬ್ಬಿ. ಎದುರುಬದುರು ಎರಡು ಫ್ಯಾನ್ ಇಟ್ಟು ಒಂದನ್ನು ಹಾಕಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತಲ್ಲ, ಹಾಗೆ. ಇಲ್ಲಿ ಗಾಳಿಯ ಬದಲು ಎಣ್ಣೆ. ಗೇರ್‌ಬಾಕ್ಸಿನ ಒಳಗಿನ ಕ್ಲಚ್‌ಗಳನ್ನು ಹಿಡಿದಿಡುವುದೂ ಎಣ್ಣೆಯ ಒತ್ತಡವೇ. ಆ ಒತ್ತಡ ಕೊಡುವ ಪಂಪು ಎಂಜಿನ್ ಜೊತೆಗೇ ತಿರುಗುತ್ತೆ. ಸಿಗ್ನಲ್‌ನಲ್ಲಿ ನಿಂತಾಗಲೂ ಎಂಜಿನ್ ಗುರ್ ಅಂತಿರುತ್ತೆ, ಒತ್ತಡ ಇಳಿಯಲ್ಲ.

ಎಲೆಕ್ಟ್ರಿಕ್ ಮೋಟರ್ ಹಾಗಲ್ಲ. ಕಾರು ನಿಂತರೆ ಅದೂ ನಿಲ್ಲುತ್ತೆ. ಪಂಪ್ ನಿಂತು ಒತ್ತಡ ಬೀಳುತ್ತೆ, ಗೇರು ಸಡಿಲವಾಗುತ್ತೆ. ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಒತ್ತಡ ಏರುವವರೆಗೆ ಕಾರು ಹಿಡಿತದಲ್ಲಿರಲ್ಲ. ಮಡಿಕೇರಿಯ ಏರುರಸ್ತೆಯಲ್ಲಿ ಹಿಂದೆ ಬಸ್ಸು ನಿಂತಿರುವಾಗ ಈ ಕ್ಷಣ ಹೇಗಿರುತ್ತೆ ಅಂತ ಊಹಿಸಿಕೊಳ್ಳಿ. ಇದರ ಜೊತೆಗೆ ಯಾವ ಗೇರು ಯಾವಾಗ ಅಂತ ನಿರ್ಧರಿಸುವ ಕಂಪ್ಯೂಟರ್, ಎಂಜಿನ್‌ನ ವೇಗ, ಥ್ರಾಟಲ್ ಇತ್ಯಾದಿ ಮಾಹಿತಿಗೆ ಕಾಯುತ್ತಿರುತ್ತೆ. ಎಂಜಿನ್ನೇ ಇಲ್ಲ ಅಂದರೆ ಅದು ದೋಷ ಅಂತ ತಿಳಿದು ಕೈಕಟ್ಟಿ ಕೂರುತ್ತೆ.

ಹಾಗಾದರೆ ದಾರಿಗಳೇನು?

ಒಂದು, ಕಾರು ನಿಂತಾಗಲೂ ಮೋಟರನ್ನು ನಿಧಾನಕ್ಕೆ ತಿರುಗಿಸುತ್ತಿರುವುದು. ಇದು ಸುಲಭ, ಆದರೆ ಬ್ಯಾಟರಿ ದಂಡ. ಟಾರ್ಕ್ ಕನ್ವರ್ಟರ್‌ನ ಜಾರಾಟದಲ್ಲಿ ಹೋಗುವ ಶಕ್ತಿಯೂ ಸೇರಿ ರೇಂಜ್ ಕಡಿಮೆಯಾಗುತ್ತೆ.

ಎರಡು, ಹೊರಗಿಂದ ಕರೆಂಟಿನ ಆಯಿಲ್ ಪಂಪ್ ಕೂರಿಸಿ, ಗೇರಿನ ಕಂಪ್ಯೂಟರಿಗೆ ಎಂಜಿನ್ ಇದೆ ಅಂತ ನಂಬಿಸುವ ಸರ್ಕ್ಯೂಟ್ ಹಾಕುವುದು. ಮಾಡಬಲ್ಲವರು ಕಮ್ಮಿ. ಕೆಟ್ಟರೆ ರಿಪೇರಿ ಮಾಡುವವರು ಇನ್ನೂ ಕಮ್ಮಿ.

ಮೂರು, ಅದೇ ಮಾದರಿಯ ಮ್ಯಾನುಯಲ್ ಗೇರ್‌ಬಾಕ್ಸ್ ಗುಜರಿಯಿಂದ ತಂದು ಕೂರಿಸುವುದು. ಮೋಟರ್ ಸೊನ್ನೆ ವೇಗದಿಂದಲೇ ಪೂರ್ತಿ ಎಳೆತ ಕೊಡುತ್ತೆ. ಒಂದೇ ಗೇರಿನಲ್ಲಿ ಬಿಟ್ಟರೆ ಕ್ಲಚ್ ಪೆಡಲ್ಲೇ ಬೇಡ. ಹಿಂದಕ್ಕೆ ಹೋಗಲು ಮೋಟರನ್ನೇ ಉಲ್ಟಾ ತಿರುಗಿಸಿದರಾಯ್ತು. ಅಪ್ಪನ ಮಂಡಿಗೂ ತೊಂದರೆ ಇಲ್ಲ.

ನಾಲ್ಕು, ಗೇರ್‌ಬಾಕ್ಸನ್ನೇ ಕಿತ್ತುಹಾಕಿ ಮೋಟರ್, ಒಂದೇ ಗೇರು, ಡಿಫರೆನ್ಷಿಯಲ್ ಒಟ್ಟಿಗೆ ಇರುವ ಘಟಕ ಕೂರಿಸುವುದು. ಕಂಪನಿಯಿಂದಲೇ ಎಲೆಕ್ಟ್ರಿಕ್ ಆಗಿ ಬರುವ ಕಾರುಗಳಲ್ಲಿ ಇರುವುದು ಇದೇ. ತಾಂತ್ರಿಕವಾಗಿ ಅತ್ಯುತ್ತಮ ದಾರಿ ಇದು, ದುಬಾರಿಯೂ ಹೌದು.

ನಿಮ್ಮದು ಸಿ.ವಿ.ಟಿ. ಆದರೆ ಅದರ ಬೆಲ್ಟನ್ನು ಹಿಡಿಯುವುದೂ ಎಣ್ಣೆಯ ಒತ್ತಡವೇ, ಸಮಸ್ಯೆ ಹೆಚ್ಚುಕಮ್ಮಿ ಅದೇ. ಎ.ಎಂ.ಟಿ. ಆದರೆ ಸುಲಭ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮಲ್ಲಿ ಜನಪ್ರಿಯವಾದ ಎ.ಎಂ.ಟಿ. ಅಸಲಿಗೆ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ಚನ್ನು, ಗೇರನ್ನು ನಮ್ಮ ಬದಲು ಒಂದು ಯಂತ್ರ ಒತ್ತುತ್ತೆ, ಅಷ್ಟೇ ವ್ಯತ್ಯಾಸ.

ಒಂದು ಎಚ್ಚರಿಕೆ. ಆಟೋಮ್ಯಾಟಿಕ್‌ನಲ್ಲಿ 'ಪಿ'ಗೆ ಹಾಕಿದಾಗ ಚಕ್ರವನ್ನು ಕಟ್ಟಿಹಾಕುವ ಹಲ್ಲು ಇರುವುದು ಗೇರ್‌ಬಾಕ್ಸಿನ ಒಳಗೆ. ಗೇರ್‌ಬಾಕ್ಸ್ ಹೋದರೆ ಅದೂ ಹೋಯ್ತು. ಮೋಟರಿನ ಕಾರನ್ನು ಗೇರಿನಲ್ಲಿ ಬಿಟ್ಟು ನಿಲ್ಲಿಸಿದರೂ ಎಂಜಿನ್‌ನಂತೆ ಹಿಡಿದು ನಿಲ್ಲಲ್ಲ. ಇಳಿಜಾರಿನ ಅಂಗಳಗಳ ಜಿಲ್ಲೆಯಲ್ಲಿ ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬುವ ಹಾಗಾಗುತ್ತೆ. ಪಾರ್ಕಿಂಗ್ ಲಾಕ್ ಹೇಗೆ ಕೊಡ್ತೀರಿ ಅಂತ ಮೊದಲ ದಿನವೇ ಕೇಳಿ.

ಸಂಪಾಜೆ ಘಟ್ಟದ ಲೆಕ್ಕ

ರೆಟ್ರೋಫಿಟ್ ಮಾಡುವವರು ಸಣ್ಣ ಕಾರಿಗೆ ಸಾಮಾನ್ಯವಾಗಿ ಹೇಳುವುದು 15 ಯೂನಿಟ್ ಆಸುಪಾಸಿನ ಬ್ಯಾಟರಿ. ಪೂರ್ತಿ ಖಾಲಿ ಮಾಡುವಂತಿಲ್ಲ, ಬಳಸಲು ಸಿಗುವುದು ಸುಮಾರು 13. ಸಮತಟ್ಟು ರಸ್ತೆಯಲ್ಲಿ ನೂರು ಕಿಲೋಮೀಟರ್ ಓಡುತ್ತೆ.

ಈಗ ಸಂಪಾಜೆಯಿಂದ ಮಡಿಕೇರಿಗೆ ಹತ್ತಿ. ಮೂವತ್ತು ಕಿಲೋಮೀಟರಿಗೆ ತುಸು ಕಮ್ಮಿ ದೂರ, ಸುಮಾರು ಸಾವಿರ ಮೀಟರ್ ಏರು. ಜನ ಸೇರಿ 1,200 ಕಿಲೋ ತೂಕವನ್ನು ಅಷ್ಟೆತ್ತರ ಎತ್ತೋಕೇ 3.3 ಯೂನಿಟ್ ಬೇಕು. ಇದು ಪ್ರಕೃತಿಯ ಲೆಕ್ಕ, ಯಾವ ಕಂಪನಿಯೂ ಕಮ್ಮಿ ಮಾಡೋಕಾಗಲ್ಲ. ಮೋಟರಿನ ನಷ್ಟ, ಟೈರು ಮತ್ತು ಗಾಳಿಯ ತಡೆ ಎಲ್ಲ ಸೇರಿಸಿದರೆ ಆರು ಯೂನಿಟ್ ಹತ್ತಿರ. ಅಂದರೆ ಮೂವತ್ತು ಕಿಲೋಮೀಟರಿಗೆ ಬ್ಯಾಟರಿ ಅರ್ಧಕ್ಕರ್ಧ.

ಇಳಿಯುವಾಗ ವಾಪಸ್ ಬರುತ್ತಲ್ಲ ಅಂತೀರಾ? ಬರುತ್ತೆ, ವಿಡಿಯೋಗಳಲ್ಲಿ ಹೇಳುವಷ್ಟು ಬರಲ್ಲ. ತಡೆಗಳನ್ನು ಕಳೆದರೆ ನನ್ನ ಲೆಕ್ಕಕ್ಕೆ ಸಿಕ್ಕಿದ್ದು ಒಂದು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. ಅದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ರಾತ್ರಿ ಮಡಿಕೇರಿಯಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿ ಬೆಳಿಗ್ಗೆ ಸೀದಾ ಘಟ್ಟ ಇಳಿದರೆ, ತುಂಬಿದ ಬ್ಯಾಟರಿಗೆ ಹೊಸ ಕರೆಂಟು ಹಿಡಿಯಲ್ಲ. ಮೋಟರಿನ ಬ್ರೇಕಿಂಗ್ ಸಿಗಲ್ಲ. ಎಂಜಿನ್ ಬ್ರೇಕಿಂಗ್ ಮೊದಲೇ ಇಲ್ಲ. ಭಾರವೆಲ್ಲ ಕಾಲಬ್ರೇಕಿನ ಮೇಲೆ ಬಿದ್ದು ಅದು ಕಾಯುತ್ತೆ. ಬೆಟ್ಟದ ಮೇಲೆ ಮನೆ ಇರುವವರು 85ಕ್ಕೆ ಚಾರ್ಜ್ ನಿಲ್ಲಿಸಬೇಕು.

ಮೋಟರ್ ಆರಿಸುವಾಗಲೂ ಒಂದು ಮೋಸ ಇದೆ. ಜಾಹೀರಾತಿನಲ್ಲಿ ಬರೆಯುವುದು ಗರಿಷ್ಠ ಶಕ್ತಿ, ಅದು ಕೆಲವೇ ನಿಮಿಷ ಸಿಗುವಂಥದ್ದು. ಹತ್ತು ಮೀಟರಿಗೆ ಒಂದು ಮೀಟರ್ ಏರುವ ರಸ್ತೆಯಲ್ಲಿ 30 ಕಿಲೋಮೀಟರ್ ವೇಗದಲ್ಲಿ ಹತ್ತೋಕೆ ಇದೇ ಕಾರಿಗೆ 11 ಕಿಲೋವ್ಯಾಟ್ ಸತತವಾಗಿ ಬೇಕು. ಹಾಗಾಗಿ 'ನಿರಂತರ ಶಕ್ತಿ' ಎಷ್ಟು ಅಂತ ಕೇಳಿ. 15 ಕಿಲೋವ್ಯಾಟ್‌ಗಿಂತ ಕಮ್ಮಿ ಇದ್ದರೆ ನಮ್ಮ ಘಟ್ಟಕ್ಕೆ ಬೇಡ.

ರೇಂಜ್ ಅಂದರೆ ಇಲ್ಲಿ ಆಸ್ಪತ್ರೆ

ಬೆಂಗಳೂರಿನಲ್ಲಿ ನೂರು ಕಿಲೋಮೀಟರ್ ರೇಂಜ್ ಅಂದರೆ ಎರಡು ದಿನದ ಆಫೀಸು. ಕೊಡಗಿನಲ್ಲಿ ಅದರ ಅರ್ಥ ಬೇರೆ. ನಮ್ಮ ಜಿಲ್ಲೆಯಲ್ಲಿ ರೈಲಿಲ್ಲ. ಹೃದಯಕ್ಕೋ ತಲೆಗೋ ಪೆಟ್ಟಾದರೆ ಮೈಸೂರಿಗೋ ಮಂಗಳೂರಿಗೋ ಓಡಬೇಕು. 2019ರಲ್ಲಿ ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಅಂತ ಸೋಷಿಯಲ್ ಮೀಡಿಯಾದಲ್ಲಿ ನಾವೇ ಅಭಿಯಾನ ಮಾಡಿದ್ದು ನೆನಪಿದೆಯಲ್ಲ? ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ನೂರು ಓಡುವ ಬ್ಯಾಟರಿ ಅಲ್ಲಿಗೆ ಮುಟ್ಟಲ್ಲ. ಅಗ್ಗದ ಕಿಟ್‌ಗಳಲ್ಲಿ ಫಾಸ್ಟ್ ಚಾರ್ಜಿಂಗ್ ಕೂಡ ಇರಲ್ಲ, ಮನೆಯ 15 ಆಂಪಿಯರ್ ಪ್ಲಗ್ಗಿನಲ್ಲಿ ಐದಾರು ಗಂಟೆ ಕಾಯಬೇಕು.

ಮಳೆಗಾಲ ಬಂದರೆ ಆ ಪ್ಲಗ್ಗೂ ಗ್ಯಾರಂಟಿ ಇಲ್ಲ. ಜುಲೈ, ಆಗಸ್ಟ್‌ನಲ್ಲಿ ಮರ ಬಿದ್ದು ಲೈನು ಹರಿದರೆ ಒಳಗಿನ ಊರುಗಳಿಗೆ ಕರೆಂಟು ಬರೋಕೆ ದಿನಗಟ್ಟಲೆ ಬೇಕು. ಮೈಸೂರು-ಕೋಝಿಕ್ಕೋಡ್ 400 ಕಿಲೋವೋಲ್ಟ್ ಲೈನಿಗೆ ಅಂತ ದಕ್ಷಿಣ ಕೊಡಗಿನ ಸಾವಿರಾರು ಮರ ಕಡಿದದ್ದನ್ನು ಕಂಡ ಜಿಲ್ಲೆ ಇದು. ತಲೆ ಮೇಲೆ ಅಷ್ಟು ದೊಡ್ಡ ತಂತಿ ಹೋದರೂ ಕೆಳಗಿನ ಲೈನ್‌ಮನೆಗಳಲ್ಲಿ ಸಂಜೆ ಬಲ್ಬು ಮಂಕಾಗುವುದು ತಪ್ಪಿಲ್ಲ. ವೋಲ್ಟೇಜ್ ತೀರಾ ಇಳಿದರೆ ಚಾರ್ಜರ್ ತಾನೇ ಕಟ್ ಆಗುತ್ತೆ. ಮಾಡಿಸುವುದೇ ಆದರೆ ಮೊದಲು ಚೆಸ್ಕಾಂನಲ್ಲಿ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಿ, ಪ್ರತ್ಯೇಕ ವೈರಿಂಗ್, ಸರಿಯಾದ ಅರ್ಥಿಂಗ್ ಹಾಕಿಸಿ. ಬ್ಯಾಟರಿ ಪೆಟ್ಟಿಗೆಗೆ ನೀರು ನುಗ್ಗದ ಐ.ಪಿ. 67 ದರ್ಜೆ ಇರಲಿ. ಇದ್ದರೂ ಭಾಗಮಂಡಲದಲ್ಲಿ ರಸ್ತೆ ಮೇಲೆ ಕಾವೇರಿ ಹರಿಯುವಾಗ ಅದರಲ್ಲಿ ಇಳಿಸುವ ಸಾಹಸ ಬೇಡ.

ಕಾನೂನು ಏನನ್ನುತ್ತೆ?

ಗ್ಯಾರೇಜಿನವರು "ಅದೆಲ್ಲ ಮಾಡ್ಕೊಡ್ತೀವಿ, ಯಾರು ಕೇಳ್ತಾರೆ" ಅಂದರೆ ಅಲ್ಲಿಂದ ಎದ್ದು ಬನ್ನಿ.

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ ಆರ್.ಸಿ.ಯಲ್ಲಿರುವ ವಿವರಕ್ಕೂ ವಾಹನಕ್ಕೂ ತಾಳೆಯಾಗದ ಹಾಗೆ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಆದರೆ ಪೆಟ್ರೋಲ್, ಡೀಸೆಲ್ ವಾಹನವನ್ನು ಎಲೆಕ್ಟ್ರಿಕ್ ಮಾಡಿಸಲು ಬಾಗಿಲು ಮುಚ್ಚಿಲ್ಲ. 2016ರಲ್ಲೇ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ಅನುಮೋದಿತ ಕಿಟ್ ಮೂಲಕ ಇದಕ್ಕೆ ಅವಕಾಶ ಕೊಡಲಾಗಿದೆ. ನಿಗದಿತ ಮಾನದಂಡದ ಪ್ರಕಾರ ರೆಟ್ರೋಫಿಟ್ ಮಾಡಿಸಿದರೆ ಕಂಪನಿಯ ವಾರಂಟಿ ರದ್ದಾಗಲ್ಲ ಅಂತ 2019ರ ತಿದ್ದುಪಡಿ ಕಾಯ್ದೆ ಹೇಳುತ್ತೆ.

ಇಲ್ಲಿ 'ಅನುಮೋದಿತ ಕಿಟ್' ಅನ್ನುವುದೇ ಕೀಲಿ. ಎ.ಐ.ಎಸ್.-123 ಅನ್ನುವ ಮಾನದಂಡದಂತೆ ಪುಣೆಯ ಎ.ಆರ್.ಎ.ಐ. ಅಥವಾ ಮಾನೇಸರ್‌ನ ಐಕ್ಯಾಟ್‌ನಂಥ ಸಂಸ್ಥೆ ಕಿಟ್ಟನ್ನು ಪರೀಕ್ಷಿಸಿರಬೇಕು. ಅನುಮೋದನೆ ಸಿಗುವುದು ಆ ಕಿಟ್‌ಗೆ ನಿರ್ದಿಷ್ಟ ಮಾದರಿಯ ವಾಹನದ ಮೇಲೆ. ಆಲ್ಟೋಗೆ ಪಾಸಾದ ಕಿಟ್ಟನ್ನು ನಿಮ್ಮ ಬೇರೆ ಕಾರಿಗೆ ಹಾಕಿಸಿ ಆರ್.ಟಿ.ಓ. ಮುಂದೆ ನಿಲ್ಲೋಕಾಗಲ್ಲ. ಕಿಟ್ ಕಂಪನಿ ಅಧಿಕೃತಗೊಳಿಸಿದವರೇ ಕೂರಿಸಬೇಕು. ಆಮೇಲೆ ಆರ್.ಟಿ.ಓ. ತಪಾಸಣೆ, ಆರ್.ಸಿ.ಯಲ್ಲಿ ಇಂಧನದ ಬದಲಾವಣೆ, ಹಸಿರು ನಂಬರ್ ಪ್ಲೇಟ್. ವಿಮೆ ಕಂಪನಿಗೆ ತಿಳಿಸಬೇಕು. ಇಲ್ಲದಿದ್ದರೆ ಅಪಘಾತವಾದ ದಿನ ಕ್ಲೇಮ್ ಕೈಕೊಡುತ್ತೆ.

ಈಗ ಸಮಸ್ಯೆ ಎಲ್ಲಿದೆ ನೋಡಿ. ಒಂದೊಂದು ಮಾದರಿಗೂ ಪರೀಕ್ಷೆ ಅಂದರೆ ಕಿಟ್ ಮಾಡುವವರು ಯಾವ ಕಾರನ್ನು ಆರಿಸ್ತಾರೆ? ಲಕ್ಷಗಟ್ಟಲೆ ಮಾರಾಟವಾದ ಆಲ್ಟೋ, ಡಿಜೈರ್‌ನಂಥವನ್ನು, ಅದರಲ್ಲೂ ಮ್ಯಾನುಯಲ್ಲನ್ನು. ಹದಿನಾಲ್ಕು ವರ್ಷ ಹಳೆಯ ಆಟೋಮ್ಯಾಟಿಕ್ ಕಾರಿಗೆ ಯಾರೂ ಖರ್ಚು ಮಾಡಲ್ಲ. ನಾನು ವಿಚಾರಿಸಿದ ಕಡೆಯೆಲ್ಲ ಅಪ್ಪನ ಮಾದರಿಗೆ ಅನುಮೋದಿತ ಕಿಟ್ ಇಲ್ಲ ಅನ್ನುವ ಉತ್ತರವೇ ಬಂತು. "ಬೇಕಾದ್ರೆ ಮಾಡ್ಕೊಡ್ತೀವಿ, ಆರ್.ಸಿ. ನಿಮ್ಮ ಜವಾಬ್ದಾರಿ" ಅಂದವರೂ ಇದ್ದರು.

ದುಡ್ಡು ಗಿಟ್ಟುತ್ತಾ?

ನನಗೆ ಹೇಳಿದ ಬೆಲೆ 4ರಿಂದ 6 ಲಕ್ಷ. ಮಧ್ಯದ 5 ಲಕ್ಷ ಇಟ್ಟುಕೊಳ್ಳೋಣ. ಅಪ್ಪನ ಕಾರು ಘಟ್ಟದಲ್ಲಿ ಲೀಟರಿಗೆ 12 ಕೊಡುತ್ತೆ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೆ ಪೆಟ್ರೋಲಿಗೆ ಸುಮಾರು 8,600 ರೂಪಾಯಿ. ಎಲೆಕ್ಟ್ರಿಕ್ ಆದರೆ 150 ಯೂನಿಟ್.

ಇಲ್ಲಿ ಗೃಹಜ್ಯೋತಿ ಅಡ್ಡ ಬರುತ್ತೆ. ಯೋಜನೆಯಲ್ಲಿ ನಮ್ಮ ಸರಾಸರಿ ಬಳಕೆ ಮತ್ತು ಅದರ ಮೇಲೆ ಹತ್ತು ಪರ್ಸೆಂಟ್ ಉಚಿತ. ಅದನ್ನು ದಾಟಿ 200ರ ಒಳಗಿದ್ದರೆ ಹೆಚ್ಚುವರಿಗೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು. ನಮ್ಮ ಮನೆಗೆ 80 ಯೂನಿಟ್ ಬೇಕು. ಕಾರಿನದ್ದು ಸೇರಿ 230 ಆಗುತ್ತೆ. ಸೊನ್ನೆ ಇದ್ದ ಬಿಲ್ಲು ನಿಗದಿತ ಶುಲ್ಕ, ತೆರಿಗೆ ಸೇರಿ ಎರಡು ಸಾವಿರದ ಹತ್ತಿರ. ಆದರೂ ತಿಂಗಳಿಗೆ 6,600 ಉಳಿಯುತ್ತೆ. 5 ಲಕ್ಷ ವಾಪಸ್ ಬರೋಕೆ ಆರು ವರ್ಷ ಮೀರುತ್ತೆ.

ಅಪ್ಪ ಓಡಿಸುವುದು ತಿಂಗಳಿಗೆ 500 ಕಿಲೋಮೀಟರ್. ಹಾಗಿದ್ದರೆ ಬಳಕೆ 155 ಯೂನಿಟ್, ಉಳಿತಾಯ 3,800 ರೂಪಾಯಿ. ವಾಪಸ್ ಬರೋಕೆ ಹನ್ನೊಂದು ವರ್ಷ. ಕಾರಿಗೆ ಆಗ ಇಪ್ಪತ್ತೈದು ದಾಟಿರುತ್ತೆ, ಬ್ಯಾಟರಿ ಸುಸ್ತಾಗಿರುತ್ತೆ. 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಎಫ್.ಸಿ., ಮರುನೋಂದಣಿ ಖರ್ಚು ಬೇರೆ.

ಪರಿಸರದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್. ದೇಶದ ಗ್ರಿಡ್ ಸರಾಸರಿಯಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕಿಲೋ. ಹಾಗೆ ನೋಡಿದರೆ ಕಿಲೋಮೀಟರಿಗೆ ಹೊಗೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತೆ. ಬಾಡಿ, ಸೀಟು, ಗಾಜು, ಸಸ್ಪೆನ್ಷನ್ ಮತ್ತೆ ತಯಾರಿಸಬೇಕಿಲ್ಲ ಅನ್ನುವುದು ಹೊಸ ಕಾರಿಗಿಂತ ಇದಕ್ಕಿರುವ ಹೆಚ್ಚುಗಾರಿಕೆ.

ಹಾಗಾದರೆ ಯಾರು ಮಾಡಿಸಬಹುದು?

ಬಾಡಿ ಗಟ್ಟಿ ಇದ್ದು ಎಂಜಿನ್ ಸತ್ತಿರುವ ಕಾರು, ಮ್ಯಾನುಯಲ್ ಅಥವಾ ಎ.ಎಂ.ಟಿ., ಅನುಮೋದಿತ ಕಿಟ್ ಇರುವ ಮಾದರಿ, ದಿನಕ್ಕೆ ನಲವತ್ತು ಐವತ್ತು ಕಿಲೋಮೀಟರ್ ನಿಗದಿತ ಓಡಾಟ, ಮನೆಯಲ್ಲಿ ದೂರದ ಪ್ರಯಾಣಕ್ಕೆ ಇನ್ನೊಂದು ವಾಹನ. ಈ ಐದೂ ಇದ್ದರೆ ಮಾಡಿಸಿ. ಕುಶಾಲನಗರ, ಗೋಣಿಕೊಪ್ಪದಂಥ ಕಡೆ ಪೇಟೆಯೊಳಗೇ ಓಡಾಡುವವರಿಗೆ ಸರಿಹೋಗಬಹುದು. ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್, ಅದೊಂದೇ ಕಾರು, ಮನೆಯಲ್ಲಿ ವಯಸ್ಸಾದವರು ಅಂತಿದ್ದರೆ ಈಗ ಬೇಡ.

ನಾವು ಮಾಡಿಸಲಿಲ್ಲ. ಸಾಲ ಮಾಡಿ ಗೇರ್‌ಬಾಕ್ಸ್ ಬಿಚ್ಚಿಸಿ ಸರಿ ಮಾಡಿಸಿದೆವು.

ಇದು ಬರೀ ಅಪ್ಪನ ಕಾರಿನ ವಿಷಯ ಅಲ್ಲ

ಗೇರೇ ಇಲ್ಲದ, ಕ್ಲಚ್ಚೇ ಇಲ್ಲದ ರೇವಾ ಕಾರು ಬೆಂಗಳೂರಿನ ರಸ್ತೆಗೆ ಇಳಿದದ್ದು 2001ರಲ್ಲಿ. ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು, 2017ರಲ್ಲಿ. 2025ರ ಹೊಸ ನೀತಿಯಲ್ಲಿ 50,000 ಕೋಟಿ ಹೂಡಿಕೆಯ ಗುರಿ ಇದೆ. ಈ ಮಾತುಗಳಲ್ಲೆಲ್ಲ ಮುಂದೆ ನಿಲ್ಲುವುದು ಕಾರ್ಖಾನೆ ಮತ್ತು ಹೊಸ ವಾಹನ. ಹೊಸ ಎಲೆಕ್ಟ್ರಿಕ್ ಕಾರು ಕೊಳ್ಳುವವರಿಗೆ ಜಿ.ಎಸ್.ಟಿ. 5 ಪರ್ಸೆಂಟ್. ಹಳೇ ಕಾರಿಗೆ ಹಾಕಿಸಲು ಲಿಥಿಯಂ ಬ್ಯಾಟರಿ ಬಿಡಿಯಾಗಿ ಕೊಂಡರೆ 18 ಪರ್ಸೆಂಟ್. ಹತ್ತು ಲಕ್ಷ ಕೊಟ್ಟು ಹೊಸದು ಕೊಳ್ಳುವವರಿಗೆ ರಿಯಾಯಿತಿ, ಇರುವುದನ್ನೇ ಬಾಳಿಸಲು ಹೊರಟವರಿಗೆ ದಂಡ. ಇದು ಯಾರ ಹಸಿರು?

ಸುರಕ್ಷತೆಯ ಪರೀಕ್ಷೆ ಬೇಡ ಅಂತ ನಾನು ಹೇಳುತ್ತಿಲ್ಲ. ಬ್ಯಾಟರಿ ಬೆಂಕಿ ಆಟವಲ್ಲ. ಆದರೆ ಪರೀಕ್ಷೆಯ ಖರ್ಚನ್ನು ಸರ್ಕಾರ ಹಂಚಿಕೊಳ್ಳಬಹುದು. ಬ್ಯಾಟರಿ, ಮೋಟರ್, ಕಂಟ್ರೋಲರ್‌ಗೆ ಒಮ್ಮೆ ಅನುಮೋದನೆ ಕೊಟ್ಟು, ಒಂದೊಂದು ಕಾರನ್ನು ಸ್ಥಳೀಯವಾಗಿ ತಪಾಸಣೆ ಮಾಡುವ ದಾರಿ ತೆರೆಯಬಹುದು. ಕುಶಾಲನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಪೊನ್ನಂಪೇಟೆಯಲ್ಲೂ ಎಂಜಿನಿಯರಿಂಗ್ ಕಾಲೇಜಿದೆ. ತೋಟದ ಜೀಪನ್ನು ಮೂವತ್ತು ವರ್ಷ ಓಡಿಸಿ ತೋರಿಸಿದ ಮೆಕ್ಯಾನಿಕ್‌ಗಳಿದ್ದಾರೆ. ಇವರಿಬ್ಬರನ್ನು ಒಂದೇ ಶೆಡ್ಡಿನಲ್ಲಿ ಕೂರಿಸಿ ತರಬೇತಿ, ಲೈಸೆನ್ಸ್ ಕೊಟ್ಟರೆ ಉದ್ಯೋಗ ಹುಡುಕಿ ಬೆಂಗಳೂರಿನ ಬಸ್ಸು ಹತ್ತುವವರಲ್ಲಿ ಕೆಲವರಾದರೂ ಇಲ್ಲೇ ಉಳಿಯಬಹುದು.

ಅಪ್ಪ ಈಗಲೂ ಆ ವಿಡಿಯೋ ಡಿಲೀಟ್ ಮಾಡಿಲ್ಲ. ಮೊನ್ನೆ ಕೇಳಿದರು, "ಮುಂದಿನ ಸಲ ಗೇರ್‌ಬಾಕ್ಸ್ ಹೋಗುವಷ್ಟರಲ್ಲಿ ಏನಾದ್ರೂ ಆಗಿರುತ್ತಾ?" ಗೊತ್ತಿಲ್ಲಪ್ಪ ಅಂದೆ. ಕೇಳಬೇಕಾದವರನ್ನು ನಾವು ಕೇಳಿದರೆ ಆಗಿರುತ್ತೆ.